ಗುರುವಾರದ ಹದಿನಾಲ್ಕು ಸುತ್ತು

ನಂಜಪ್ಪನ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಪೂರ್ತಿ ಓದಿದ ಮೇಲೆ ನೀವೇ ತೀರ್ಮಾನಿಸಿ. ಬೇರೆ ಯಾರೂ ಬರೆಯುವುದಿಲ್ಲ ಎಂಬುದಂತೂ ಖಂಡಿತ. ನಮ್ಮ ಊರಿನಲ್ಲಿ ಹಾಲು ಹಾಕುವವನ ಹೆಸರು ಗೊತ್ತಿರುತ್ತದೆ, ಪೇಪರ್ ಹಾಕುವವನ ಹೆಸರು ಗೊತ್ತಿರುತ್ತದೆ. ನೀರು ಬಿಡುವವನ ಹೆಸರು ವಿಚಾರಿಸುವುದು ನಲ್ಲಿ ಒಣಗಿದ ದಿನ ಮಾತ್ರ, ಅದೂ ಬೈಯುವುದಕ್ಕೆ. ನಾನೂ ಹಾಗೆ ಬೈಯಲು ಹೋಗಿಯೇ ಪರಿಚಯ ಮಾಡಿಕೊಂಡವಳು.

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ತುದಿಯಲ್ಲಿ, ಇಸ್ತ್ರಿ ಗಾಡಿ ನಿಲ್ಲುವ ಜಾಗದ ಎದುರಿಗೆ, ರಸ್ತೆಯಲ್ಲಿ ಎರಡು ಕಬ್ಬಿಣದ ಮುಚ್ಚಳಗಳಿವೆ. ಒಂದರ ಕೆಳಗೆ ನಮ್ಮ ರಸ್ತೆಯ ವಾಲ್ವು, ಇನ್ನೊಂದರ ಕೆಳಗೆ ನಮ್ಮ ಹಿತ್ತಿಲ ಗೋಡೆಯ ಆಚೆಗಿರುವ ಗಲ್ಲಿಯದು. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ದಿಬ್ಬ ಹತ್ತಿಸಿಕೊಂಡು, ಪಂಪ್ ಮಾಡಿಸಿಕೊಂಡು, ಶುದ್ಧಿಯಾಗಿ, ದೊಡ್ಡ ಟ್ಯಾಂಕಿನಲ್ಲಿ ನಿಂತು, ಇಷ್ಟೆಲ್ಲ ಆಗಿ ಬರುತ್ತದೆ. ಕೊನೆಯ ಇನ್ನೂರು ಅಡಿ ಅದು ಯಾರ ಮನೆಗೆ ಹೋಗಬೇಕು ಎಂದು ತೀರ್ಮಾನವಾಗುವುದು ಈ ಎರಡು ಮುಚ್ಚಳಗಳ ಕೆಳಗೆ. ಸೋಮವಾರ, ಬುಧವಾರ, ಶುಕ್ರವಾರ ನಮಗೆ. ಮಂಗಳವಾರ, ಗುರುವಾರ, ಶನಿವಾರ ಗಲ್ಲಿಗೆ. ಎರಡೂ ಕಡೆ ಒಟ್ಟಿಗೆ ಬಿಟ್ಟರೆ ನೀರು ತಗ್ಗಿನಲ್ಲಿರುವ ಗಲ್ಲಿಗೇ ಇಳಿದುಹೋಗುತ್ತದೆ, ಏರಿನಲ್ಲಿರುವ ನಮಗೆ ಹತ್ತುವುದಿಲ್ಲ.

ಹತ್ತೊಂಬತ್ತು ವರ್ಷ ಆ ಮುಚ್ಚಳಗಳನ್ನು ಎತ್ತಿದವನು ನಂಜಪ್ಪ. ಮಾಗಡಿ ಕಡೆಯವನು, ವಯಸ್ಸು ಐವತ್ತೇಳು, ನೀರಿನ ಆಫೀಸಿನ ಕಂಟ್ರಾಕ್ಟರ್ ಕೆಳಗೆ ಕೆಲಸ. ಬೆಳಗಿನ ಐದಕ್ಕೆ ಅವನ ಮೊಪೆಡ್ಡು ಕೆಮ್ಮುತ್ತ ಬರುತ್ತಿತ್ತು. ಅದಕ್ಕೆ ಕಟ್ಟಿರುತ್ತಿದ್ದ ಕೀ ಎಂದರೆ ಎದೆಯೆತ್ತರದ ಕಬ್ಬಿಣದ ಸಲಾಕೆ, ಮೇಲೊಂದು ಅಡ್ಡ ಹಿಡಿ. ಸಲಾಕೆಯನ್ನು ಗುಂಡಿಗೆ ಇಳಿಸಿ, ಎರಡೂ ಕೈಯಿಂದ ತಿರುಗಿಸುತ್ತ ತುಟಿಯಲ್ಲೇ ಎಣಿಸುತ್ತಿದ್ದ. ನಮ್ಮ ವಾಲ್ವಿಗೆ ಹದಿನಾರು ಸುತ್ತು, ಗಲ್ಲಿಯದಕ್ಕೆ ಹದಿನಾಲ್ಕು. ಎಣಿಸುವಾಗ ಯಾರು ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಏರಿಯಾದ ದೊಡ್ಡ ಮುಖಂಡರೇ ನಿಂತು ವಿಚಾರಿಸಿದಾಗ ಒಂದು ಬೆರಳೆತ್ತಿ ಅವರನ್ನು ತಡೆದು "ಹನ್ನೊಂದು, ಹನ್ನೆರಡು" ಎಂದವನು. ಅವರು ನಕ್ಕರು ಅನ್ನಿ. ನಾನಾಗಿದ್ದರೆ ನಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಗಣಿತದ ಟೀಚರ್ ಆಗಿದ್ದೇನೆ, ಬೇರೆಯವರು ನನ್ನನ್ನು ಕಾಯಿಸುವುದು ನನಗೆ ಆಗಿಬರುವುದಿಲ್ಲ.

ನೀರು ನಿಲ್ಲಿಸುವಾಗ ಅವನದು ಇನ್ನೂ ನಿಧಾನ. ಎರಡು ಸುತ್ತು ತಿರುಗಿಸಿ ನಿಲ್ಲುತ್ತಿದ್ದ, ಬೀಡಿ ಹಚ್ಚುತ್ತಿದ್ದ, ಮತ್ತೆರಡು ಸುತ್ತು. ಹದಿನಾಲ್ಕು ಸುತ್ತಿಗೆ ಕಾಲು ಗಂಟೆ. ಒಮ್ಮೆ ಶಾಲೆಗೆ ಹೊರಟವಳು, ಯಾಕಪ್ಪ ಇಷ್ಟೊಂದು ಸೋಮಾರಿತನ ಎಂದು ಕೇಳಿಯೇಬಿಟ್ಟೆ.

"ನೀರಿಗೆ ಹೇಳಿ ಕಳಿಸ್ಬೇಕು ಅಮ್ಮಾವ್ರೆ, ಕತ್ತು ಹಿಡಿದು ತಳ್ಬಾರ್ದು" ಎಂದ. "ಮನೆಮನೇಲೂ ಮೋಟ್ರು ಹಾಕಿ ಪೈಪಿಂದ ಎಳೀತಾ ಇರ್ತಾರೆ. ನಾನು ತಟ್ಟಂತ ಮುಚ್ಬುಟ್ರೆ ಪೈಪು ಖಾಲಿ, ಮೋಟ್ರು ಮಾತ್ರ ಎಳೀತಾನೇ ಇರ್ತದೆ. ಆಗ ಆ ಪೈಪು ಎಲ್ಲಿ ಸಂದು ಸಿಕ್ಕಿದ್ರೆ ಅಲ್ಲಿಂದ ಕುಡೀತದೆ. ಪಕ್ಕದಾಗೇ ಕೊಳಚೆ ಪೈಪು ಅದೆ. ಅದಕ್ಕೇ ನಿಧಾನ. ನೀರು ಸಣ್ಣಗಾಯ್ತು ಅಂತ ಕಂಡ್ರೆ ಜನ ಅವ್ರೇ ಮೋಟ್ರು ಆರಿಸ್ತಾರೆ."

ಹಿಂದಿನ ಬೆಂಚಿನ ಹುಡುಗ ಹೋಂವರ್ಕ್ ತರದಿದ್ದಕ್ಕೆ ಹೇಳುವ ನೆಪ ಕೇಳಿದ ಹಾಗೆ ನಾನು ಅದನ್ನು ಕೇಳಿಸಿಕೊಂಡು ಹೋದೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮದು ಮಾಧ್ವರ ಮನೆ. ಪ್ರತಿ ವರ್ಷ ಮಾಘ ಬಹುಳ ದಶಮಿಗೆ ನಮ್ಮ ಮಾವನವರ ಶ್ರಾದ್ಧ. ಅಂದಿನ ಅಡುಗೆಗೆ, ಪಿಂಡಕ್ಕೆ, ಎಲ್ಲಕ್ಕೂ ಮಡಿಯಲ್ಲಿ ಹಿಡಿದ ಹೊಸ ನೀರೇ ಆಗಬೇಕು. ಹಿಂದೆ ಹಿತ್ತಿಲಲ್ಲಿ ಬಾವಿಯಿತ್ತು, ಸೇದುತ್ತಿದ್ದೆವು. ಬಾವಿ ಬತ್ತಿ, ಅದರ ಮೇಲೆ ಚಪ್ಪಡಿ ಬಿತ್ತು. ಸಂಪಿನ ನೀರು ನಿನ್ನೆಯದು, ಟ್ಯಾಂಕರಿನದು ಎಲ್ಲಿಯದೋ. ಅತ್ತೆ ತುಳಸಮ್ಮನವರಿಗೆ ಈಗ ಎಂಬತ್ತೆರಡು. ಅವರೇ ಯೋಚಿಸಿ ಒಂದು ದಾರಿ ಮಾಡಿಕೊಟ್ಟರು: ಸಂಪಿಗೆ ಬೀಳುವುದಕ್ಕೆ ಮುಂಚೆ ಅಂಗಳದ ನಲ್ಲಿಯಲ್ಲಿ ಅದೇ ಬೆಳಿಗ್ಗೆ ಬರುವ ನೀರು ಹರಿಯುವ ನೀರಿಗೆ ಸಮ, ಅದಾದೀತು. ಶಂಖದಿಂದ ಬಿದ್ದರೇ ತೀರ್ಥ ಎನ್ನುತ್ತಾರಲ್ಲ, ಹಾಗೆ ನಮ್ಮ ಮನೆಯ ತೀರ್ಥಕ್ಕೆ ಆ ಹಿತ್ತಾಳೆಯ ನಲ್ಲಿಯೇ ಶಂಖವಾಯಿತು.

ತಿಥಿಗೆ ವಾರದ ಹಂಗಿಲ್ಲ. ಕೆಲವು ವರ್ಷ ದಶಮಿ ನಮ್ಮ ನೀರಿನ ದಿನವೇ ಬೀಳುತ್ತಿತ್ತು. ಬೀಳದ ವರ್ಷ ನಾನು ಹಿಂದಿನ ದಿನ ನಂಜಪ್ಪನನ್ನು ಹಿಡಿದು ಹೇಳುತ್ತಿದ್ದೆ. ಅವನು ಗಲ್ಲಿಯ ವಾಲ್ವನ್ನು ನಿಧಾನವಾಗಿ ಮುಚ್ಚಿ, ನಮ್ಮದನ್ನು ಮುಕ್ಕಾಲು ಗಂಟೆ ತೆರೆದು, ಮತ್ತೆ ಅವರಿಗೆ ಬಿಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. "ದೊಡ್ಡೋರ ಕಾರ್ಯ, ಅದಕ್ಕೆಲ್ಲ ಕಾಸಾ?" ಎನ್ನುತ್ತಿದ್ದ. ಇದು ಎಲ್ಲೂ ಬರೆಯುವ ಲೆಕ್ಕವಲ್ಲ. ಐದಕ್ಕೆ ತೆರೆದೆ, ಒಂಬತ್ತಕ್ಕೆ ಮುಚ್ಚಿದೆ ಎಂದಷ್ಟೇ ಅವನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದುದು.

ಹೋದ ಮಾಘದಲ್ಲಿ ದಶಮಿ ಗುರುವಾರ ಬಂತು. ಗಲ್ಲಿಯ ದಿನ.

ಐದೂಮುಕ್ಕಾಲಕ್ಕೆ ಬಿಡುತ್ತೇನೆ ಎಂದಿದ್ದವನು ಆರು ಗಂಟೆಯಾದರೂ ಬಿಡಲಿಲ್ಲ. ನಾನು ಒದ್ದೆ ಸೀರೆಯಲ್ಲಿ ಅಂಗಳದಲ್ಲಿ ನಿಂತಿದ್ದೇನೆ, ಒಲೆ ಹತ್ತಿಸಿಲ್ಲ, ಎಂಟೂವರೆಗೆ ಆಚಾರ್ಯರು ಬರುತ್ತಾರೆ. ಮಡಿಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ, ನಮ್ಮ ಯಜಮಾನರು ಸಂಕರ್ಷಣ ಅದನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಎರಡು ಸಲ ಮಾಡಿದೆ. ಇನ್ನೊಂದು ರಸ್ತೆಯಲ್ಲಿ ವಾಲ್ವು ಮೊಂಡು ಹಿಡಿದಿದೆ, ಬಂದೆ ಎಂದ. ಮೂರನೆಯ ಸಲ ನಾನು ಹೇಳಿದ್ದು ಇದು:

"ನಂಜಪ್ಪ, ನಿಮ್ಮ ನಿಧಾನ ಎಲ್ಲ ಬೇರೆ ದಿನ ಇಟ್ಕೊಳ್ಳಿ. ಇವತ್ತು ಬೇಗ ತಿರುಗಿಸಿ ಬಿಡಿ. ವರ್ಷಕ್ಕೊಂದು ದಿನ ಕೇಳ್ತೀನಿ, ಅದೂ ಆಗಲ್ವಾ ನಿಮ್ಗೆ?"

ಐದು ನಿಮಿಷದಲ್ಲಿ ನಲ್ಲಿ ಬುಸುಗುಟ್ಟಿ ನೀರು ಬಂತು. ಎಷ್ಟು ಬೇಗ ಬಂತಲ್ಲ ಎಂದು ನನ್ನ ನಾಲಿಗೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಆರೂವರೆಗೆ ಗೇಟಿನ ಹತ್ತಿರ ಚಿಕ್ಕಮುನಿಯಮ್ಮ ಬಂದಳು. ಅವಳು ಗಲ್ಲಿಯ ಮೂರನೆಯ ಮನೆಯವಳು, ತಲೆಯ ಮೇಲೆ ಪುಟ್ಟಿ ಹೊತ್ತು ಮನೆಮನೆಗೆ ತರಕಾರಿ ಹಾಕುತ್ತಾಳೆ. ನಮಗೆ ಶ್ರಾದ್ಧದ ಬಾಳೆಕಾಯಿ, ಹಾಗಲಕಾಯಿ, ಎಲೆ, ಎಲ್ಲ ವರ್ಷವೂ ಅವಳದೇ. ತುಂಬುತ್ತಿದ್ದ ಕೊಡವನ್ನು ನೋಡಿ ಅವಳು "ಇದೇನ್ ಟೀಚರಮ್ಮ, ನಮ್ ಗಲ್ಲೀಲಿ ತಟ್ಟಂತ ನಿಂತೋಯ್ತು, ನಿಮ್ಗೆ ಬತ್ತಾ ಅದೆ?" ಎಂದಳು. ನಾನು ಮಡಿಯಲ್ಲಿದ್ದೆ. ಎಲೆ ಅಲ್ಲಿ ಇಡು, ದೂರ ನಿಲ್ಲು ಎಂದು ಕೈಯಲ್ಲೇ ತೋರಿಸಿದೆ. ಅವಳು ಇಟ್ಟು ಹೋದಳು.

ಶ್ರಾದ್ಧ ಚೆನ್ನಾಗಿ ಆಯಿತು. ಅತ್ತೆ ತೃಪ್ತಿಯಿಂದ ಕಣ್ಣೊರೆಸಿಕೊಂಡರು.

ಶುಕ್ರವಾರ ಚಿಕ್ಕಮುನಿಯಮ್ಮ ಬರಲಿಲ್ಲ. ಮಧ್ಯಾಹ್ನ ಶಾಲೆಯಿಂದ ಬರುವಾಗ ಗಲ್ಲಿಯ ಬಾಯಲ್ಲಿ ಜನ ಸೇರಿದ್ದರು. ನಾಲ್ಕು ಮನೆಯಲ್ಲಿ ವಾಂತಿ ಭೇದಿ. ದೊಡ್ಡವರು ಹೇಗೋ ತಡೆದುಕೊಂಡಿದ್ದರು. ಚಿಕ್ಕಮುನಿಯಮ್ಮನ ಮೊಮ್ಮಗಳು ಲಾಸ್ಯಾಳನ್ನು ಮಾತ್ರ ಬೆಳಗಿನ ಜಾವವೇ ಆಸ್ಪತ್ರೆಗೆ ಸೇರಿಸಿದ್ದರು. ನಾಲ್ಕು ವರ್ಷದ ಮಗು. ನಮ್ಮ ಗೇಟಿಗೆ ಜೋತುಬಿದ್ದು ನನಗೆ ಕೇಳಿಸಲಿ ಎಂದೇ ಜೋರಾಗಿ ಎಣಿಸುತ್ತಾಳೆ, ಹದಿನೈದರಿಂದ ನೇರ ಇಪ್ಪತ್ತಕ್ಕೆ ಹಾರುತ್ತಾಳೆ. ಡ್ರಿಪ್ ಹಾಕಿದ್ದಾರೆ, ಬೆಳಿಗ್ಗೆಯಿಂದ ಮೂತ್ರ ಹೋಗಿಲ್ಲ, ಕಣ್ಣು ಒಳಗೆ ಹೋಗಿದೆ ಎಂದು ಯಾರೋ ಹೇಳಿದರು. ಮನೆಯ ಕಡೆ ಹೊರಟಿದ್ದವಳು ಅಲ್ಲೇ ನಿಂತುಬಿಟ್ಟೆ. ಯಾಕೆಂದು ಆಗಿನ್ನೂ ನನಗೆ ಪೂರ್ತಿ ಗೊತ್ತಿರಲಿಲ್ಲ. ಅರ್ಧ ಗೊತ್ತಿತ್ತು.

ನೀರಿನ ಆಫೀಸಿನ ಎಂಜಿನಿಯರ್ ಬಂದಿದ್ದ. ದೀಪಕ್ ಎಂದು ಹೆಸರು, ಚಿಕ್ಕ ವಯಸ್ಸು, ಒಳ್ಳೆಯ ಹುಡುಗನೇ. ಹತ್ತು ನಿಮಿಷ ನೀರು ಬಿಡಿಸಿ, ಪುಟ್ಟ ಗಾಜಿನ ಕೊಳವೆಯಲ್ಲಿ ಹಿಡಿದು, ಎರಡು ಹನಿ ಔಷಧ ಹಾಕಿದ. ನೀರು ಹಳದಿಯಾಯಿತು. ಹಳದಿಯಾದರೆ ನೀರಿನಲ್ಲಿ ಕ್ಲೋರಿನ್ ಇದೆ ಎಂದರ್ಥ, ಕೊಳಚೆ ಸೇರಿದ್ದರೆ ಆ ಬಣ್ಣವೇ ಬರುವುದಿಲ್ಲ ಎಂದು ಎಲ್ಲರಿಗೂ ಕೊಳವೆ ಎತ್ತಿ ತೋರಿಸಿದ. ಲೈನ್ ಸರಿ ಇದೆ, ತಪ್ಪು ನಿಮ್ಮ ಸಂಪಿನಲ್ಲಿದೆ, ತೊಳೆಸಿ ಎಂದ.

ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದ ಚಿಕ್ಕಮುನಿಯಮ್ಮ ಮುಂದೆ ಬಂದಳು. "ನಮ್ಗೆಲ್ಲೈತೆ ಸಾಮಿ ಸಂಪು? ನಲ್ಲಿ ಅಷ್ಟೇ. ನೆನ್ನೆ ಮಧ್ಯದಾಗೆ ಒಂದ್ ಗಂಟೆ ನಿಂತೋಗಿತ್ತು. ಮತ್ತೆ ಬಂದಾಗ ವಾಸ್ನೆ ಇತ್ತು."

ದೀಪಕ್ ನಂಜಪ್ಪನ ಕಡೆ ತಿರುಗಿದ. "ನಿನ್ನೆ ಮಧ್ಯೆ ನಿಲ್ಲಿಸಿದ್ರಾ?"

ನಂಜಪ್ಪ ಸಲಾಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಒಂದು ಕ್ಷಣ ನನ್ನನ್ನು ನೋಡಿದ, ಕಣ್ಣು ತಗ್ಗಿಸಿದ.

"ಇಲ್ಲ ಸಾರ್. ಐದರಿಂದ ಒಂಬತ್ತು. ಗ್ರೂಪಲ್ಲಿ ಹಾಕಿದೀನಲ್ಲ."

"ನೋಡಮ್ಮ, ಮುಂದಿನ ಮನೆಯವರು ಮೋಟ್ರು ಹಾಕಿದ್ರೆ ನಿಮ್ಗೆ ನಿಂತ ಹಾಗೆ ಕಾಣುತ್ತೆ. ಲೈನಲ್ಲಿ ನೀರು ತುಂಬಿದ್ರೆ ಹೊರಗಿಂದ ಏನೂ ಒಳಗೆ ಬರಲ್ಲ" ಎಂದ ದೀಪಕ್. "ನಾಳೆ ಶನಿವಾರ ಎಂದಿನ ಹಾಗೆ ನೀರು ಬಿಡಿ ನಂಜಪ್ಪ."

ಹತ್ತೊಂಬತ್ತು ವರ್ಷ ನೀರು ಬಿಟ್ಟವನ ಮಾತಿನ ಮುಂದೆ ತರಕಾರಿಯವಳ ಮಾತು ಎಷ್ಟು ತೂಗೀತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಜನ ಗೊಣಗುತ್ತ ಸಂಪು ತೊಳೆಯಲು ಹೋದರು. ನಾನು ಸರಸರ ಮನೆಗೆ ಬಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ನಡಿಗೆ ಅದು. ಯಾರೂ ಗಮನಿಸಲಿಲ್ಲ ಎಂದುಕೊಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಂಜಪ್ಪ ನಮ್ಮ ಜಗಲಿಯ ಮೇಲೆ ಬಂದು ಕೂತ. ಅಷ್ಟು ವರ್ಷದಲ್ಲಿ ಅವನು ನಮ್ಮ ಮನೆಯಲ್ಲಿ ಕೂತಿದ್ದು ಅದೇ ಮೊದಲು. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

"ಹದಿನಾಲ್ಕೂ ಒಂದೇ ಏಟಿಗೆ ತಿರುಗಿಸ್ಬುಟ್ಟೆ ಅಮ್ಮಾವ್ರೆ. ಉಸಿರೂ ಬಿಡ್ಲಿಲ್ಲ. ಗಲ್ಲೀಲಿ ಎಲ್ಲಾರ್ ಮೋಟ್ರೂ ಓಡ್ತಿತ್ತು, ಸದ್ದು ಕೇಳಿಸ್ತಿತ್ತು ನಂಗೆ. ಕೇಳಿಸ್ತಿದ್ರೂ ತಿರುಗ್ಸಿದೆ. ಪೈಪು ಎಲ್ಲೋ ಒಡೆದದೆ. ಖಾಲಿಯಾದಾಗ ಕೊಳಚೆ ಎಳ್ಕೊಂಡದೆ. ಇವತ್ತು ಸಾರ್ ನೋಡ್ದಾಗ ಪೈಪು ತುಂಬಿತ್ತು, ಅದಕ್ಕೇ ಬಣ್ಣ ಬಂತು."

ನಾನು ಆಗ ಕೇಳಿದ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯದೆ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮಗು ಹೇಗಿದೆ ಎಂದು ಕೇಳಲಿಲ್ಲ. "ನಮ್ಮ ಮನೆ ಹೆಸರು ಬರುತ್ತಾ?" ಎಂದು ಕೇಳಿದೆ.

"ನಿಮ್ ಹೆಸ್ರು ಯಾಕ್ ಬತ್ತದೆ? ತಿರುಗ್ಸಿದ್ದು ನನ್ ಕೈ" ಎಂದ ನಂಜಪ್ಪ. ಸಿಟ್ಟಿನಿಂದಲ್ಲ, ಲೆಕ್ಕ ಹೇಳುವವನ ಹಾಗೆ. "ನಾ ಅದಕ್ಕೆ ಬರ್ಲಿಲ್ಲ. ನಾಳೆ ಐದಕ್ಕೆ ಆ ಗಲ್ಲಿಗೆ ನೀರು ಬುಡ್ಬೇಕು. ನಿಜ ಹೇಳುದ್ರೆ ನನ್ ಕೆಲ್ಸ ಹೋಗ್ತದೆ. ಹೇಳ್ದಿದ್ರೆ ಒಡೆದಿರೋ ಜಾಗ ಯಾರೂ ಹುಡುಕಲ್ಲ. ನೀವು ಓದ್ದೋರು, ಏನ್ ಮಾಡ್ಲಿ ಹೇಳಿ."

ಯಜಮಾನರು ಬಾಗಿಲಲ್ಲಿ ನಿಂತು ಹೇಳಿದರು, "ಸುಮ್ನಿರಿ ನಂಜಪ್ಪ. ಮಗು ಹುಷಾರಾಗುತ್ತೆ. ನಿಮ್ಗೂ ಸಂಸಾರ ಇದೆ."

ನಾನು ಟೀಚರಮ್ಮ ಅಲ್ಲವೇ, ನನ್ನದು ಇನ್ನೂ ಜಾಣ ಉತ್ತರ. "ನಿಧಾನಕ್ಕೆ ಬಿಡಿ, ನಿಧಾನಕ್ಕೆ ನಿಲ್ಲಿಸಿ. ಪೈಪು ಖಾಲಿಯಾಗದೇ ಇದ್ರೆ ಏನೂ ಆಗಲ್ಲ ಅಂತ ನೀವೇ ಅಲ್ವಾ ಹೇಳಿದ್ದು?"

ನಂಜಪ್ಪ ತಲೆ ಅಲ್ಲಾಡಿಸಿದ. "ನಿಧಾನ ನನ್ ಕೈಲದೆ ಅಮ್ಮಾವ್ರೆ. ಮೇಲಿನ ಟ್ಯಾಂಕಲ್ಲಿ ನೀರು ಮುಗಿಯೋದು, ಪಂಪಿಗೆ ಕರೆಂಟ್ ಹೋಗೋದು ನನ್ ಕೈಲಿ ಇಲ್ವಲ್ಲ. ಯಾವತ್ತೋ ಒಂದಿನ ಪೈಪು ಖಾಲಿ ಆಗೇ ಆಗ್ತದೆ."

ಎದ್ದು ಹೋದ. ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು. ಒಳಗಿನಿಂದ ಅತ್ತೆ "ಯಾರೇ ಅದು ಬಂದಿದ್ದು?" ಎಂದು ಕೂಗಿದರು. ಯಾರೂ ಇಲ್ಲ ಎಂದೆ.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ ಎಂದು ಹೇಳಿದರೆ ಅದೇನು ದೊಡ್ಡ ಪ್ರಾಯಶ್ಚಿತ್ತವಲ್ಲ. ನಾಲ್ಕೂಮುಕ್ಕಾಲಕ್ಕೆ ಮೊಪೆಡ್ಡಿನ ಸದ್ದಾಯಿತು. ಬಿಡುತ್ತಾನೋ ಬಿಡುವುದಿಲ್ಲವೋ ಎಂದು ಹಿತ್ತಿಲ ಗೋಡೆಗೆ ಕಿವಿ ಕೊಟ್ಟು ನಿಂತೆ. ಐದಾಯಿತು. ಐದೂಕಾಲಾಯಿತು. ಗಲ್ಲಿಯಲ್ಲಿ ಕೊಡಗಳ ಸದ್ದು, ನೀರು ಬರಲಿಲ್ಲ ಎಂದು ಜನ ಕೂಗುವ ಸದ್ದು. ತಡೆಯಲಾರದೆ ಚಪ್ಪಲಿ ಮೆಟ್ಟಿ ರಸ್ತೆಯ ತುದಿಗೆ ಓಡಿದೆ.

ನಂಜಪ್ಪ ಮುಚ್ಚಳದ ಮೇಲೆ ಕೂತಿದ್ದ. ಅಕ್ಷರಶಃ ಅದರ ಮೇಲೆಯೇ, ಸಲಾಕೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು. ಸುತ್ತ ಜನ ಬೈಯುತ್ತಿದ್ದರು. ಎಂಜಿನಿಯರು ಬರಲಿ, ಅಲ್ಲಿವರೆಗೂ ಏಳುವುದಿಲ್ಲ ಎಂದಷ್ಟೇ ಅವನ ಮಾತು.

ಆರಕ್ಕೆ ದೀಪಕ್ ಬಂದ, ನಿದ್ದೆಗಣ್ಣು, ಕೆಟ್ಟ ಸಿಟ್ಟು. ನಂಜಪ್ಪ ಎದ್ದು ನಿಂತು ಎಲ್ಲರ ಮುಂದೆ ಹೇಳಿದ.

"ನೆನ್ನೆ ಸುಳ್ಳು ಹೇಳ್ದೆ ಸಾರ್. ಗುರುವಾರ ಆರು ಗಂಟೆಗೆ ಇದನ್ನ ಮುಚ್ಚಿದ್ದೆ. ಹದಿನಾಲ್ಕೂ ಸುತ್ತು ಒಟ್ಟಿಗೆ. ಮೋಟ್ರು ಓಡ್ತಿದ್ದಾಗ. ಈಯಮ್ಮ ಹೇಳಿದ್ದು ನಿಜ."

ಚಿಕ್ಕಮುನಿಯಮ್ಮ ಕೊಡ ಹಿಡಿದು ಗೋಡೆಗೆ ಒರಗಿದ್ದಳು. ರಾತ್ರಿಯೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಕೂತು ಆಗತಾನೆ ಬಂದಿದ್ದಳು, ಮಗಳು ಪ್ರೇಮಲತಾ ಮಗುವಿನ ಹತ್ತಿರ ಉಳಿದಿದ್ದಳು.

ದೀಪಕ್ ಬೈಯಲಿಲ್ಲ. ಬೈಯುವುದು ಆಮೇಲೆ ಎಂದು ಪಕ್ಕಕ್ಕಿಟ್ಟ ಹಾಗಿತ್ತು ಮುಖ. ಯಾರೂ ಈ ನೀರನ್ನು ಬಾಯಿಗೆ ಹಾಕಬಾರದು ಎಂದು ಮನೆಮನೆಗೂ ಹೇಳಿಸಿದ. ಆಮೇಲೆ ಗುರುವಾರ ಆದದ್ದನ್ನೇ ಮತ್ತೆ ಮಾಡಿಸಿದ. ವಾಲ್ವು ತೆರೆಯಿತು, ಎಲ್ಲರ ಮೋಟ್ರೂ ಓಡಿತು, ನೀರು ಬಕೆಟ್ಟಿಗೆ ಬಿದ್ದು ಚರಂಡಿಗೆ ಹೋಯಿತು. "ಈಗ ಮುಚ್ಚಿ, ಅವತ್ತಿನ ಹಾಗೆ" ಎಂದ. ನಂಜಪ್ಪ ಗಟ್ಟಿಯಾಗಿ ಎಣಿಸುತ್ತ ತಿರುಗಿಸಿದ. ಹತ್ತೊಂಬತ್ತು ವರ್ಷದಲ್ಲಿ ಅವನ ಎಣಿಕೆಯನ್ನು ಮೊದಲಿಂದ ಕೊನೆಯವರೆಗೆ ನಾವು ಗಟ್ಟಿಯಾಗಿ ಕೇಳಿದ್ದು ಅಂದೇ.

ಮುಕ್ಕಾಲು ಗಂಟೆ ಕಾದು ಮತ್ತೆ ತೆರೆದರು. ಚಿಕ್ಕಮುನಿಯಮ್ಮನ ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ಬೂದು ನೀರು. ವಾಸನೆಗೆ ಮೂಗು ಮುಚ್ಚಿಕೊಂಡೆವು. ದೀಪಕ್ ಕೊಳವೆಗೆ ಹನಿ ಹಾಕಿ ಅಲ್ಲಾಡಿಸಿದ, ಮತ್ತೆ ಹಾಕಿದ. ಹಳದಿ ಬರಲಿಲ್ಲ.

ಎರಡು ಗಂಟೆ ಅಗೆದ ಮೇಲೆ ಸಿಕ್ಕಿತು. ಯಾವ ಕಾಲದ್ದೋ ಕಬ್ಬಿಣದ ಪೈಪು, ಮ್ಯಾನ್‌ಹೋಲಿನ ಗೋಡೆಯನ್ನೇ ಹಾದು ಹೋಗಿತ್ತು. ಗೋಡೆಯೊಳಗೆ, ಜೋಡಣೆಯ ಹತ್ತಿರ, ಹೆಬ್ಬೆರಳು ಹೋಗುವಷ್ಟು ತೂತು. ಪೈಪು ತುಂಬಿದ್ದಾಗ ನೀರು ಅಲ್ಲಿಂದ ಹೊರಗೆ ಚಿಮ್ಮಿ ಕೊಳಚೆಯ ಜೊತೆ ಹರಿದುಹೋಗುತ್ತಿತ್ತು, ಅದಕ್ಕೇ ರಸ್ತೆಯ ಮೇಲೆ ಒದ್ದೆಯೂ ಕಂಡಿರಲಿಲ್ಲ. ಖಾಲಿಯಾದಾಗ ಕೊಳಚೆ ಒಳಗೆ.

ತೂತನ್ನು ನೋಡಿ ಮೇಲೆದ್ದ ದೀಪಕ್ ಆಗ ಕೇಳಿದ, "ನಂಜಪ್ಪ, ಗುರುವಾರ ಯಾಕೆ ಮುಚ್ಚಿದ್ರಿ? ಯಾರಿಗೆ ಬಿಡೋಕೆ?"

ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು.

"ಯಾರಿಗೂ ಅಲ್ಲ ಸಾರ್. ಬೇರೆ ರಸ್ತೆ ಅನ್ಕೊಂಡು ತಿರುಗಿಸ್ಬುಟ್ಟೆ. ನಂದೇ ತಪ್ಪು."

ಚಿಕ್ಕಮುನಿಯಮ್ಮ ತಲೆ ಎತ್ತಿ ನನ್ನ ಕಡೆ ನೋಡಿದಳು. ಗುರುವಾರ ಆರೂವರೆಗೆ ನಮ್ಮ ಅಂಗಳದಲ್ಲಿ ತುಂಬುತ್ತಿದ್ದ ಕೊಡವನ್ನು ನೋಡಿದ ಕಣ್ಣು ಅದು. ಅವಳು ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಬೆತ್ತ ತೋರಿಸಿದವಳು ಸೆರಗು ಹೊದ್ದು ಸುಮ್ಮನೆ ನಿಂತಿದ್ದೆ.

ಸೋಮವಾರದಿಂದ ಬರಬೇಡ ಎಂದು ಕಂಟ್ರಾಕ್ಟರ್ ನಂಜಪ್ಪನಿಗೆ ಹೇಳಿದ. ನಂಜಪ್ಪ ಸಲಾಕೆಯನ್ನು ಒರೆಸಿ ಆಫೀಸಿನಲ್ಲಿ ಒಪ್ಪಿಸಿ, ಹೊಸಬನನ್ನು ಒಂದು ದಿನ ಕರೆದುಕೊಂಡು ಓಡಾಡಿದನಂತೆ. ಯಾವುದಕ್ಕೆ ಎಷ್ಟು ಸುತ್ತು ಎಂದು ಎಲ್ಲೂ ಬರೆದಿರಲಿಲ್ಲವಲ್ಲ, ಎಲ್ಲ ಅವನ ತಲೆಯಲ್ಲೇ ಇತ್ತು. ಸಂಬಳವಿಲ್ಲದ ಆ ದಿನ ಐವತ್ತಮೂರು ವಾಲ್ವುಗಳ ಲೆಕ್ಕವನ್ನು ಹೊಸಬನಿಗೆ ಬಾಯಿಪಾಠ ಮಾಡಿಸಿ ಹೋದ.

ಲಾಸ್ಯಾಗೆ ಭಾನುವಾರ ಮಧ್ಯಾಹ್ನ ಮೂತ್ರವಾಯಿತು. ಆ ಸುದ್ದಿ ಬರುವವರೆಗೆ ಅತ್ತೆ ಗಂಟೆಗೊಂದು ಸಲ "ಆ ಮಗು ಹೇಗಿದೆಯಂತೆ?" ಎಂದು ಕೇಳುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ, ಬರೀ ಕರುಳು ತಾಳದೆ ಕೇಳುತ್ತಿದ್ದರು. ಒಂಬತ್ತನೆಯ ದಿನ ಮಗು ಮನೆಗೆ ಬಂತು.

ಅಂದು ನಾನು ಎರಡು ಹಾಳೆ ಪತ್ರ ಬರೆದೆ. ಗುರುವಾರ ನೀರು ಬಿಡಿಸಿಕೊಂಡದ್ದು ನಮ್ಮ ಮನೆಗೆ, ನಾನು ಒತ್ತಾಯ ಮಾಡಿದ್ದರಿಂದ, ಅವಸರ ಮಾಡಿದ್ದೂ ನಾನೇ ಎಂದು ಹೆಸರು, ವಿಳಾಸ, ಸಹಿ ಹಾಕಿ ದೀಪಕ್‌ಗೆ ಕೊಟ್ಟೆ. ಯಜಮಾನರು ಎರಡು ದಿನ ಮಾತು ಬಿಟ್ಟರು, ಬಿಡಲಿ. ದೀಪಕ್ ಓದಿ, ಮಡಿಸಿ, ಫೈಲಿಗೆ ಹಾಕಿದ. "ನೋಡೋಣ ಮೇಡಂ" ಎಂದ. ಇನ್ನೂ ನೋಡುತ್ತಲೇ ಇದ್ದಾರೆ. ನಂಜಪ್ಪ ಈಗ ಬನಶಂಕರಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಪಂಪು ಹಾಕುತ್ತಾನೆ, ಕಾವಲೂ ಕಾಯುತ್ತಾನೆ. ಹೋಗಿ ಕ್ಷಮೆ ಕೇಳಿದೆ. "ಮಗು ಎಣಿಸ್ತಾ ಅದಾ?" ಎಂದು ಕೇಳಿದ. ಬೇರೆ ಏನೂ ಕೇಳಲಿಲ್ಲ.

ಪತ್ರ ಕೊಟ್ಟ ಸಂಜೆಯೇ ನಾನು ಗಲ್ಲಿಗೂ ಹೋದೆ. ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷ, ಚಿಕ್ಕಮುನಿಯಮ್ಮನ ಹೊಸಿಲಿಗೆ ಅಂದೇ ಮೊದಲು. ನಮ್ಮ ಗೇಟಿನಿಂದ ಐವತ್ತು ಹೆಜ್ಜೆಯೂ ಇಲ್ಲ. ಬಾಗಿಲ ಪಕ್ಕದಲ್ಲೇ ನಲ್ಲಿ. ಲಾಸ್ಯಾ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು, ಕೈ ಕಡ್ಡಿಯಾಗಿತ್ತು. ನಿಂತೇ ಎಲ್ಲ ಹೇಳಿದೆ. ಶ್ರಾದ್ಧ, ಹೊಸ ನೀರು, ಮೂರು ಫೋನು, ಬೇಗ ತಿರುಗಿಸಿ ಎಂದದ್ದು, ಶನಿವಾರ ಬಾಯಿ ಮುಚ್ಚಿಕೊಂಡು ನಿಂತದ್ದು. ಬೈಯಲಿ ಎಂದು ಕಾದೆ. ನಾಲ್ಕು ಮಾತು ಬೈದಿದ್ದರೆ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ.

ಅವಳು ಮಗುವಿನ ತಲೆ ನೇವರಿಸುತ್ತ ಕೇಳಿದಳು, "ಎಷ್ಟು ನೀರು ಬೇಕಿತ್ತು ಟೀಚರಮ್ಮ, ನಿಮ್ ಕಾರ್ಯಕ್ಕೆ?"

"ನಾಲ್ಕು ಕೊಡ" ಎಂದೆ.

ಅವಳು ಬಾಗಿಲ ಪಕ್ಕದ ನಲ್ಲಿಯ ಕಡೆ ಕೈ ತೋರಿಸಿದಳು. "ಅವತ್ತು ನಮ್ ನಲ್ಲೀಲಿ ಬತ್ತಾ ಇತ್ತಲ್ಲಮ್ಮ, ಐದ್ ಗಂಟೆಯಿಂದ. ಅದೇ ಕಾವೇರಿ ನೀರು. ಒಂದ್ ಮಾತು ಕೇಳಿದ್ರೆ ನಾನೇ ಹೊತ್ಕೊಂಡ್ ಬಂದು ಹಾಕ್ತಿದ್ನಲ್ಲ."

ಲಾಸ್ಯಾ ಕಣ್ಣು ತೆರೆದು ನನ್ನನ್ನು ನೋಡಿ, ಗುರುತು ಹಿಡಿದು, ಒಂದು, ಎರಡು, ಮೂರು ಎಂದು ಎಣಿಸಲು ಶುರುಮಾಡಿದಳು.